ಸಂಕ ಕುಸಿದ ಮಂಗಳವಾರ: ಹೊಳೆಯಾಚೆಯ ಒಬ್ಬ ಡಯಾಲಿಸಿಸ್ ರೋಗಿಯ ಪ್ರಕರಣ

ಮಂಗಳೂರಿನ ಒಂದು ಡಯಾಲಿಸಿಸ್ ಘಟಕದಲ್ಲಿ ರೋಗಿಗಳ ಪಾಳಿ ಹೊಂದಿಸುವುದು, ಕಾಗದಪತ್ರ ನೋಡಿಕೊಳ್ಳುವುದು, ಮನೆಯವರೊಡನೆ ಮಾತನಾಡುವುದು ನನ್ನ ಕೆಲಸ. 2021ರ ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ ಮರವೂರು ಸೇತುವೆ ಮುಚ್ಚಿದ್ದಾಗ ನಮ್ಮ ಒಬ್ಬ ರೋಗಿಯ ಮನೆಯವರು ಪಟ್ಟ ಪಾಡು, ನಾವು ಮಾಡಿದ ಒಂದು ತಪ್ಪು, ಕೊನೆಗೆ ದಾರಿ ತೋರಿಸಿದ ಒಂದು ಮಾತು, ಇವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಹೊಳೆಗಳ ನಡುವಿನ ಊರುಗಳಲ್ಲಿ ಇಂಥ ಕೆಲಸ ಮಾಡುವವರಿಗೆ ಉಪಯೋಗವಾದೀತು ಎಂಬ ಆಸೆ. ರೋಗಿಯನ್ನು ಶೀನಣ್ಣ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಅವರ ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಗುರುತು ಹತ್ತದಂತೆ ಬದಲಿಸಿದ್ದೇನೆ. ಆಸ್ಪತ್ರೆಗಳ ಹೆಸರು ಬೇಡ.

ಎರಡು ಹೊಳೆಗಳ ನಡುವೆ

ಮಂಗಳೂರು ಪೇಟೆಯ ತೆಂಕಕ್ಕೆ ನೇತ್ರಾವತಿ, ಬಡಗಕ್ಕೆ ಫಲ್ಗುಣಿ. ಫಲ್ಗುಣಿಯನ್ನು ಇಲ್ಲಿನ ಜನ ಗುರುಪುರ ಹೊಳೆ ಎಂದೇ ಕರೆಯುವುದು. ಎರಡೂ ಅಳಿವೆ ಬಾಗಿಲಿನಲ್ಲಿ ಸೇರಿ ಕಡಲಿಗೆ ಹೋಗುತ್ತವೆ. ಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಹೊಳೆಗಳ ನೆನಪು ಸೇತುವೆಯ ಮೇಲೆ ಬಸ್ಸು ಹೋಗುವಾಗ ಒಂದು ನಿಮಿಷ ಬಂದು ಹೋಗುತ್ತದೆ, ಅಷ್ಟೇ. ಆದರೆ ವಿಮಾನ ನಿಲ್ದಾಣ, ಬಜಪೆ, ಕಟೀಲು, ಪಣಂಬೂರಿನ ಬಂದರು, ಸುರತ್ಕಲ್ ಎಲ್ಲವೂ ಫಲ್ಗುಣಿಯ ಆಚೆಗಿವೆ. ದೊಡ್ಡ ಆಸ್ಪತ್ರೆಗಳಲ್ಲಿ ಹೆಚ್ಚಿನವು ಈಚೆಗಿವೆ.

ಹೊಳೆಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ ಮೂಲರಪಟ್ನ, ಅಡ್ಡೂರು, ಗುರುಪುರ, ಮರವೂರು, ಕೂಳೂರು ಎಂದು ಸೇತುವೆಗಳು ಸಾಲಾಗಿ ಸಿಗುತ್ತವೆ. ಕೂಳೂರಿನಿಂದ ಕೆಳಗೆ ಆಗ ದೋಣಿಯೇ ಗತಿ: ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ, ಹಳೆ ಬಂದರಿನಿಂದ ಬೆಂಗ್ರೆಗೆ. ಬೆಂಗ್ರೆಯ ಮಕ್ಕಳು ದೋಣಿಯಲ್ಲಿ ಬಂದು ಪೇಟೆಯ ಶಾಲೆಗೆ ಹೋಗುತ್ತಾರೆ; ರಸ್ತೆಯಲ್ಲಿ ಬರಬೇಕಾದರೆ ಕೂಳೂರಿನವರೆಗೆ ಸುತ್ತಬೇಕು.

ಈ ಸೇತುವೆಗಳಲ್ಲಿ ಮೂರು, ಮೂರೇ ವರ್ಷಗಳ ಅಂತರದಲ್ಲಿ ಸುದ್ದಿಯಾದವು. 2018ರ ಜೂನ್ 25ರಂದು ಮೂಲರಪಟ್ನದ ಸೇತುವೆ ಕುಸಿಯಿತು. ಪಕ್ಕದಲ್ಲೇ ಕಾಲ್ನಡಿಗೆಯ ತೂಗುಸೇತುವೆ ಇದ್ದುದರಿಂದ ಜನ ಕೊನೆಯ ಪಕ್ಷ ನಡೆದು ದಾಟುವಂತಾಯಿತು. 2020ರಲ್ಲಿ ಗುರುಪುರದಲ್ಲಿ ಬ್ರಿಟಿಷರ ಕಾಲದ ಅಗಲ ಕಿರಿದಾದ ಉಕ್ಕಿನ ಸೇತುವೆಯ ಪಕ್ಕ ಹೊಸ ಸೇತುವೆ ತೆರೆಯಿತು. ಅದು ತೆರೆದು ವರ್ಷವಾಗುವಷ್ಟರಲ್ಲಿ, 2021ರ ಜೂನ್ 15ರ ನಸುಕಿನಲ್ಲಿ, ಮರವೂರು ಸೇತುವೆಯ ಒಂದು ಕಂಬ ಕುಸಿದು ಮೇಲಿನ ರಸ್ತೆ ಬಾಗಿತು. ಹೊಳೆಯ ಮರಳು ತೆಗೆದದ್ದೇ ಕಾರಣ ಎಂದು ಮೂಲರಪಟ್ನದಲ್ಲೂ ಮರವೂರಿನಲ್ಲೂ ಊರವರು ದೂರಿದರು. ಸೇತುವೆಯ ಕಂಬಕ್ಕೆ ಸುತ್ತಲಿನ ಮರಳೇ ಹಿಡಿತ. ಮಳೆಗಾಲದ ನೆರೆ ಆ ಮರಳನ್ನು ಕೊರೆಯುತ್ತದೆ, ಬೇಸಿಗೆಯಲ್ಲಿ ಮತ್ತೆ ತುಂಬುತ್ತದೆ. ತುಂಬಬೇಕಾದ ಹೊತ್ತಿನಲ್ಲಿ ಲಾರಿಗಟ್ಟಲೆ ತೆಗೆದರೆ ಮುಂದಿನ ನೆರೆ ಇನ್ನೂ ಕೆಳಗಿನಿಂದ ಕೊರೆಯಲು ಶುರುಮಾಡುತ್ತದೆ. ಇದು ನನ್ನ ವಿಷಯವಲ್ಲ. ಆದರೆ ಆ ಬೆಳಿಗ್ಗೆ ನನ್ನ ಮೊಬೈಲ್ ರಿಂಗಾದದ್ದು ಇದರಿಂದಲೇ ಆದ್ದರಿಂದ ಬರೆಯದೆ ಬಿಡಲಾರೆ.

ಶೀನಣ್ಣನ ವಾರ

ಶೀನಣ್ಣನಿಗೆ ಅರವತ್ತು ದಾಟಿತ್ತು. ಫಲ್ಗುಣಿಯ ಆಚೆ ದಡದಲ್ಲಿ ಸ್ವಲ್ಪ ತೋಟ, ಒಂದು ಹಟ್ಟಿ, ಹೆಂಡತಿ, ಮಗ, ಸೊಸೆ. ಎರಡು ವರ್ಷದಿಂದ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ, ಬೆಳಗಿನ ಏಳು ಗಂಟೆಯ ಮೊದಲ ಪಾಳಿ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಪಕ್ಕದ ಮನೆಯವರ ರಿಕ್ಷಾದಲ್ಲಿ ಆರು ಗಂಟೆಗೆ ಹೊರಟು ಮರವೂರು ಸಂಕ ದಾಟಿ, ಕಾವೂರು ಮೇಲೆ ನಲವತ್ತು ನಿಮಿಷದಲ್ಲಿ ನಮ್ಮಲ್ಲಿಗೆ ಬರುತ್ತಿದ್ದರು. ಸೇತುವೆ ಎಂಬ ಶಬ್ದವನ್ನು ಅವರ ಬಾಯಲ್ಲಿ ನಾನು ಕೇಳಿದ್ದಿಲ್ಲ. ಅವರಿಗೆ ಅದು ಸಂಕವೇ.

ಈ ಚಿಕಿತ್ಸೆಯ ಬಗ್ಗೆ ತಿಳಿಯದವರಿಗಾಗಿ ಎರಡು ಮಾತು. ಮೂತ್ರಪಿಂಡ ಕೆಲಸ ನಿಲ್ಲಿಸಿದಾಗ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ, ರಕ್ತದಲ್ಲಿ ಪೊಟ್ಯಾಶಿಯಂ ಏರುತ್ತದೆ. ಎರಡನ್ನೂ ಯಂತ್ರವೇ ಇಳಿಸಬೇಕು. ಎಳನೀರು, ಬಾಳೆಹಣ್ಣು, ಗಂಜಿಯ ತಿಳಿ, ನಮ್ಮ ಊಟದ ಎಷ್ಟೋ ಒಳ್ಳೆಯ ಪದಾರ್ಥಗಳು ಇವರಿಗೆ ಲೆಕ್ಕ ಹಾಕಿ ತಿನ್ನಬೇಕಾದವು. ಪ್ರತಿ ರೋಗಿಗೂ ಒಂದು ಡ್ರೈ ವೇಟ್ ಇರುತ್ತದೆ, ಅಂದರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ. ಶೀನಣ್ಣನದು 54 ಕಿಲೋ. ವಾರದಲ್ಲಿ ಮೂರು ದಿನ ಎಂದರೆ ಎಲ್ಲೋ ಒಂದು ಕಡೆ ಎರಡು ದಿನದ ಬಿಡುವು ಬಂದೇ ಬರುತ್ತದೆ. ಶನಿವಾರ ಮಾಡಿಸಿಕೊಂಡವರಿಗೆ ಭಾನುವಾರ ಇಲ್ಲ, ಸೋಮವಾರ ಇಲ್ಲ, ಮಂಗಳವಾರವೇ ಮತ್ತೆ. ಆ ಉದ್ದದ ಬಿಡುವಿನ ಕೊನೆ ಅಪಾಯದ ಹೊತ್ತು ಎಂಬುದು ಡಯಾಲಿಸಿಸ್ ಘಟಕದಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು.

2021ರ ಜೂನ್ 15 ಮಂಗಳವಾರವಾಗಿತ್ತು.

ಸಂಕದ ಬುಡದಲ್ಲಿ

ಆರೂಕಾಲಿಗೆ ಸೊಸೆ ಫೋನು ಮಾಡಿದಳು. ಮಳೆಯ ಸದ್ದಿಗೆ ಅರ್ಧ ಮಾತು ಕೇಳಿಸಲಿಲ್ಲ. ಸಂಕ ಕುಸಿದಿದೆ, ಪೊಲೀಸರು ಅಡ್ಡ ಇಟ್ಟಿದ್ದಾರೆ, ಗಾಡಿ ಬಿಡುವುದಿಲ್ಲ. ಗಂಡ ಹೇಳುತ್ತಿದ್ದಾನೆ, ಅಪ್ಪನನ್ನು ಮೆಲ್ಲ ನಡೆಸಿಕೊಂಡು ದಾಟಿಸಿ ಆಚೆ ಬೇರೆ ರಿಕ್ಷಾ ಹಿಡಿಯೋಣ ಎಂದು, ಅದಕ್ಕೂ ಒಪ್ಪುತ್ತಿಲ್ಲ. ಮಾವ ಹೇಳುತ್ತಿದ್ದಾರೆ, ಇವತ್ತು ಬಿಡಿ, ನಾಳೆ ನೋಡುವ ಎಂದು. "ನಾಳೆ ಬಂದರೆ ಆಗುತ್ತದಾ ಮೇಡಂ?"

ಅಡ್ಡ ಇಟ್ಟವರು ಬಿಡದಿದ್ದುದು ಸರಿಯಾಗಿಯೇ ಇತ್ತು. ಯಾವ ಕಂಬ ಎಷ್ಟು ಗಟ್ಟಿ ಎಂದು ಆ ಹೊತ್ತಿನಲ್ಲಿ ಯಾರೂ ನೋಡಿರಲಿಲ್ಲ. ಮಗನ ಸಿಟ್ಟೂ ಅರ್ಥವಾಗುವಂಥದ್ದೇ. ನನಗೆ ಮಾತ್ರ ಒಂದೇ ನಿರ್ಧಾರ ಮಾಡಬೇಕಿತ್ತು: ನಾಳೆಯಾ, ಇವತ್ತೇನಾ. ಬುಧವಾರಕ್ಕೆ ಒಂದು ಯಂತ್ರ ಬಿಡಿಸಿಕೊಡುವುದು ನನಗೆ ಸುಲಭವಿತ್ತು. ಆದರೆ ಆಗ ಬಿಡುವು ಮೂರು ದಿನದ್ದಾಗುತ್ತಿತ್ತು. "ಎಷ್ಟು ಗಂಟೆಗಾದರೂ ಆಗಲಿ, ಇವತ್ತೇ ಬನ್ನಿ. ಮನೆಗೆ ತಿರುಗಬೇಡಿ, ಅಲ್ಲಿಂದಲೇ ಕೈಕಂಬಕ್ಕೆ ಹೋಗಿ ಗುರುಪುರದ ಮೇಲೆ ಬನ್ನಿ" ಎಂದೆ. ಮನೆಗೆ ತಿರುಗಬೇಡಿ ಎಂದದ್ದು ಬೇಕೆಂದೇ. ಒಮ್ಮೆ ಮನೆ ಸೇರಿ ಒದ್ದೆ ಬಟ್ಟೆ ಬದಲಿಸಿದ ರೋಗಿ ಆ ದಿನ ಮತ್ತೆ ಹೊರಡುವುದು ಕಷ್ಟ.

ಎರಡನೆಯ ಪಾಳಿಯಲ್ಲಿದ್ದ ಪೇಟೆಯ ಒಬ್ಬ ತಾಯಿಗೆ ಫೋನು ಮಾಡಿ, ಏಳು ಗಂಟೆಗೇ ಬರಲಾಗುತ್ತದಾ ಎಂದು ಕೇಳಿದೆ. ಕಾರಣ ಹೇಳಿದೆ, ಹೆಸರು ಹೇಳಲಿಲ್ಲ. ಅವರು ಹೆಚ್ಚು ಕೇಳಲಿಲ್ಲ. "ಪಾಪ, ಬರುತ್ತೇನೆ" ಎಂದರು. ಏಳೂಕಾಲಿಗೆ ಬಂದು ಮಲಗಿದರು. ಇಂಥ ಅದಲುಬದಲಿಗೆ ಯಾರು ಒಪ್ಪುತ್ತಾರೆ, ಯಾರ ಮನೆ ಹತ್ತಿರ ಎಂಬುದು ನಮ್ಮ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ನನ್ನ ತಲೆಯಲ್ಲಿತ್ತು. ನಾನು ರಜೆಯಲ್ಲಿದ್ದಿದ್ದರೆ?

ಶೀನಣ್ಣ ಬಂದಾಗ ಒಂಬತ್ತು ಗಂಟೆಗೆ ಹತ್ತು ನಿಮಿಷ. ಗುರುಪುರದ ಹೊಸ ಸೇತುವೆ ಇಲ್ಲದಿದ್ದರೆ ಆ ದಿನ ಬಜಪೆಯ ಕಡೆಯ ವಾಹನಗಳೆಲ್ಲ ಹಳೆಯ ಸಂಕದಲ್ಲಿ ಒಂದೊಂದಾಗಿ ದಾಟಬೇಕಾಗುತ್ತಿತ್ತು. ಅವರು ಮಧ್ಯಾಹ್ನವೂ ಮುಟ್ಟುತ್ತಿರಲಿಲ್ಲ. ರಿಕ್ಷಾದ ಟರ್ಪಾಲು ಒಂದು ಕಡೆ ಬಿಚ್ಚಿ, ಅವರ ಎಡಭುಜ ನೆನೆದಿತ್ತು. ಬಲಗೈಯನ್ನು, ಅಂದರೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ ಜಾಗ) ಇರುವ ಕೈಯನ್ನು, ಸೊಸೆ ತನ್ನ ಮಡಿಲಲ್ಲಿ ಟವಲು ಸುತ್ತಿ ಇಟ್ಟುಕೊಂಡು ಬಂದಿದ್ದಳು, ರಿಕ್ಷಾ ಹೊಂಡಕ್ಕೆ ಬಿದ್ದಾಗ ಕಂಬಿಗೆ ತಾಗದ ಹಾಗೆ. ತೂಕದ ಯಂತ್ರದ ಮೇಲೆ ನಿಲ್ಲಲು ಚಪ್ಪಲಿ ಬಿಟ್ಟಾಗ ಪಾದದ ಮೇಲೆ ರಬ್ಬರಿನ ಪಟ್ಟಿಯ ಗುರುತು ಕಾಲುವೆ ತೋಡಿದಂತೆ ಉಳಿದಿತ್ತು. ತೂಕ 57.9. ಎಂದಿನಂತೆ ಎರಡೂವರೆ ಕಿಲೋ ಏರಿದ್ದರೆ ನಾಲ್ಕು ಗಂಟೆಯಲ್ಲಿ ತೆಗೆಯಬಹುದಿತ್ತು. ಸುಮಾರು ನಾಲ್ಕು ಲೀಟರ್ ನೀರನ್ನು ಒಂದೇ ಸಲ ಎಳೆದರೆ ರಕ್ತದೊತ್ತಡ ಕುಸಿಯುತ್ತದೆ. ವೈದ್ಯರು ಮೂರು ಲೀಟರಿಗಿಂತ ಹೆಚ್ಚು ತೆಗೆಯಲು ಒಪ್ಪಲಿಲ್ಲ. ಉಳಿದದ್ದು ಗುರುವಾರಕ್ಕೆ ಎಂದಾಯಿತು.

ಗುರುವಾರದ ತಪ್ಪು

ಗುರುವಾರ ನಾವು ಸೋತೆವು. ಸೋತದ್ದು ಶೀನಣ್ಣನ ಮನೆಯವರಲ್ಲ.

ಸೇತುವೆ ರೋಗಿಗಳನ್ನು ಮಾತ್ರ ತಡೆದಿರಲಿಲ್ಲ. ನಮ್ಮ ತಂತ್ರಜ್ಞರಲ್ಲಿ ಒಬ್ಬರ ಮನೆ ಬಜಪೆಯ ಕಡೆಗೆ. ಕೋವಿಡ್ ಎರಡನೆಯ ಅಲೆಯ ನಿರ್ಬಂಧ ಇನ್ನೂ ಇತ್ತು, ಬಸ್ಸಿನ ಓಡಾಟ ಸರಿಯಾಗಿರಲಿಲ್ಲ. ಬೈಕಿನಲ್ಲಿ ಜೋಕಟ್ಟೆ, ಕೂಳೂರು ಮೇಲೆ ಸುತ್ತಿ ಬರುತ್ತಿದ್ದರು. ಹಗುರ ವಾಹನದವರೆಲ್ಲ ಅದೇ ದಾರಿ ಹಿಡಿದಿದ್ದರಿಂದ ಅವರೂ ತಡ. ಮೊದಲ ಪಾಳಿ ತಡವಾಗಿ ಶುರುವಾಯಿತು, ಎರಡನೆಯದು ಅದಕ್ಕಿಂತ ತಡ, ಮೂರನೆಯ ಪಾಳಿಯವರು ಆಗಲೇ ಬೆಂಚಿನ ಮೇಲೆ ಕುಳಿತಿದ್ದರು. ಶೀನಣ್ಣ ಅವತ್ತು ಇನ್ನೂ ತಡವಾಗಿ ಬಂದರು. ಪಕ್ಕದ ಮನೆಯ ರಿಕ್ಷಾದವರಿಗೆ ಬೇರೆ ಬಾಡಿಗೆ ಇತ್ತು, ಪೇಟೆಯಿಂದ ಒಂದು ಕಾರು ಹೇಳಬೇಕಾಯಿತು. ಎಲ್ಲರಿಗೂ ಅರ್ಧರ್ಧ ಗಂಟೆ, ಕೆಲವರಿಗೆ ಒಂದು ಗಂಟೆ ಕಡಿಮೆ ಮಾಡಿ ಪಾಳಿ ಮುಗಿಸೋಣ ಎಂದು ತೀರ್ಮಾನಿಸಿದೆವು. ಆ ಪಟ್ಟಿ ಬರೆದವಳು ನಾನು. ತಡವಾಗಿ ಬಂದವರಿಗೆ ಕಡಿಮೆ ಎಂಬುದು ಆ ಗಡಿಬಿಡಿಯಲ್ಲಿ ನ್ಯಾಯವಾಗಿ ಕಂಡಿತು. ಶೀನಣ್ಣನಿಗೆ ಮೂರು ಗಂಟೆ ಸಿಕ್ಕಿತು.

ಅವರೇ ಮಂಗಳವಾರದ ನೀರನ್ನು ಮೈಯಲ್ಲಿ ಉಳಿಸಿಕೊಂಡು ಹೋದವರು. ಅತಿ ಹೆಚ್ಚು ಸಮಯ ಬೇಕಾಗಿದ್ದವರಿಗೆ ಅತಿ ಕಡಿಮೆ ಕೊಟ್ಟೆವು. ಪಟ್ಟಿಯಲ್ಲಿ ಬಂದ ಗಂಟೆ ಇತ್ತು, ತೂಕ ಇರಲಿಲ್ಲ. ತೂಕದ ಅಂಕಣ ಪಕ್ಕದ ಹಾಳೆಯಲ್ಲಿತ್ತು; ತಿರುಗಿಸಿ ನೋಡಿದ್ದರೆ ಸಾಕಿತ್ತು.

ಶುಕ್ರವಾರ ರಾತ್ರಿ ಅವರಿಗೆ ಮಲಗಲಾಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಚಾವಡಿಯ ಮರದ ಕುರ್ಚಿಗೆ ಎರಡು ದಿಂಬು ಒತ್ತುಕೊಟ್ಟು ಬೆಳಗಿನವರೆಗೆ ಕೂತೇ ಇದ್ದರಂತೆ. ಮಗ ರಾತ್ರಿಯೇ ಹೊರಡೋಣ ಎಂದರೆ, ಈ ಮಳೆಯಲ್ಲಿ ಆ ದಾರಿಯಲ್ಲಿ ಬೇಡ ಎಂದು ಇವರೇ ತಡೆದರು. ನಲವತ್ತು ನಿಮಿಷದ ದಾರಿಯಾಗಿದ್ದರೆ ಅವರು ಹೊರಡುತ್ತಿದ್ದರು. ಇದನ್ನು ಅವರೇ ನನಗೆ ಹೇಳಿದ್ದು. ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದರು. ಆಮ್ಲಜನಕ ಕೊಟ್ಟು, ನಾಲ್ಕೂವರೆ ಗಂಟೆ ಯಂತ್ರದಲ್ಲಿಟ್ಟು, ಸಂಜೆಯವರೆಗೆ ಇರಿಸಿಕೊಂಡು ಕಳಿಸಿದೆವು. ಬದುಕಿದರು. ಹಾಗೆಂದು ಗುರುವಾರದ ಆ ಪಟ್ಟಿ ಸರಿಯಾಗುವುದಿಲ್ಲ.

ಅಂದಿನಿಂದ ಪಾಳಿ ಕಡಿಮೆ ಮಾಡಬೇಕಾದ ಸಂದರ್ಭ ಬಂದರೆ ಮೊದಲು ತೂಕದ ಹಾಳೆ, ಆಮೇಲೆ ಗಡಿಯಾರ ಎಂದು ಘಟಕದಲ್ಲಿ ನಿಯಮ ಮಾಡಿಕೊಂಡೆವು. ಯಾರ ಸಮಯ ಕಡಿಮೆ ಮಾಡಬೇಕು ಎಂಬುದನ್ನು ನನ್ನಂಥವರಲ್ಲ, ವೈದ್ಯರೇ ಬರೆದು ಸಹಿ ಹಾಕಬೇಕು ಎಂದೂ.

ದೋಣಿ, ಮಗಳ ಮನೆ

ಶನಿವಾರ ಮಧ್ಯಾಹ್ನ ಮಗ, ಸೊಸೆ, ನಾನು ಕುಳಿತು ಮುಂದೇನು ಎಂದು ಮಾತನಾಡಿದೆವು. ಸೇತುವೆ ಯಾವಾಗ ಸರಿಯಾಗುತ್ತದೆ ಎಂದು ಹೇಳುವವರಿರಲಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ಆ ಸುತ್ತಿನ ದಾರಿಯಲ್ಲಿ ಹಿಂದಿರುಗುವುದು ಬರುವುದಕ್ಕಿಂತ ಕಷ್ಟವಾಗಿತ್ತು. ಒತ್ತಡ ಇಳಿದಿರುತ್ತದೆ, ತಲೆ ತಿರುಗುತ್ತದೆ. ಎರಡು ಸಲ ದಾರಿಯಲ್ಲಿ ವಾಂತಿಯಾಗಿತ್ತು. ಖರ್ಚೂ ಕೈಮೀರುತ್ತಿತ್ತು.

ಮಗ ದೋಣಿಯ ಮಾತೆತ್ತಿದ. ಮರುವಾಯಿ, ಅಂದರೆ ಹೊಳೆಯ ಚಿಪ್ಪು, ಹೆಕ್ಕುವ ಪರಿಚಯದವರೊಬ್ಬರ ದೋಣಿ ಅವರ ದಡದಲ್ಲೇ ಇತ್ತು, ದಾಟಿಸಿ ಕೊಡುತ್ತೇನೆ ಎಂದಿದ್ದರು. ಶೀನಣ್ಣನ ಮುಖ ಒಮ್ಮೆ ಅರಳಿತು. ಅವರು ಹುಡುಗನಾಗಿದ್ದಾಗ ಆ ಊರಿನಲ್ಲಿ ಕಡವು, ಅಂದರೆ ಜನರನ್ನು ದೋಣಿಯಲ್ಲಿ ದಾಟಿಸುವ ಜಾಗ, ಇತ್ತಂತೆ. ಕಡವಿನವರಿಗೆ ದುಡ್ಡು ಕೊಡುತ್ತಿರಲಿಲ್ಲ. ಕೊಯ್ಲು ಮುಗಿದ ಮೇಲೆ ಮನೆಗೆ ಇಷ್ಟು ಎಂದು ಭತ್ತ ಅಳೆಯುತ್ತಿದ್ದರು. ಜಲ್ಲೆ ಊರಿದಾಗ ಎಷ್ಟು ಮುಳುಗಿತು ಎಂದು ನೋಡಿ, ಹೊಳೆಯ ಆಳ ಹೇಳುತ್ತಿದ್ದರಂತೆ. ನೆರೆಯ ದಿನ ಕಡವಿನವರು ಆಗುವುದಿಲ್ಲ ಎಂದರೆ ಊರಿನ ಪಟೇಲರೂ ದಾಟುತ್ತಿರಲಿಲ್ಲ.

ನಾನು ದೋಣಿಗೆ ಒಪ್ಪಲಿಲ್ಲ. ಜೂನ್ ತಿಂಗಳ ಕೆಂಪು ನೀರು, ಒತ್ತಡ ಇಳಿದ ರೋಗಿ, ಸೂಜಿ ತೆಗೆದು ಪಟ್ಟಿ ಸುತ್ತಿದ ಕೈ, ಲೈಫ್ ಜಾಕೆಟ್ ಇಲ್ಲದ ದೋಣಿ. ಈಗಲೂ ಆ ನಿರ್ಧಾರ ಸರಿಯೆಂದೇ ನಂಬಿದ್ದೇನೆ. ಆದರೆ ಆ ಮಧ್ಯಾಹ್ನದಿಂದ ಒಂದು ವಿಷಯ ಮನಸ್ಸಿನಲ್ಲಿ ಕೂತಿದೆ. ಸೇತುವೆ ಬಂದ ದಿನದಿಂದ ಕಡವು ಸಾಯುತ್ತದೆ. ಮೊದಲು ದೋಣಿ ಹೋಗುತ್ತದೆ, ಆಮೇಲೆ ದೋಣಿ ಬಲ್ಲವರು, ಕೊನೆಗೆ ಇಳಿಯುವ ಮೆಟ್ಟಿಲು. ಬೆಂಗ್ರೆಯಲ್ಲಿ ಉಳಿದಿರುವುದು ಅಲ್ಲಿ ಸೇತುವೆ ಇಲ್ಲದ್ದರಿಂದ. ಮೂಲರಪಟ್ನದವರಿಗೆ ಒಂದು ತೂಗುಸೇತುವೆ ಉಳಿದಿದ್ದಕ್ಕೆ ಕಾಲ್ನಡಿಗೆಯಾದರೂ ಉಳಿಯಿತು. ರೋಗಿಗೆ ಆಗದಿದ್ದರೂ ನಮ್ಮ ತಂತ್ರಜ್ಞರಿಗೆ, ಔಷಧ ತರುವ ಮಗನಿಗೆ, ಪರೀಕ್ಷೆಗೆ ಹೋಗುವ ಮಕ್ಕಳಿಗೆ ಒಂದು ಸುಸ್ಥಿತಿಯ ಕಡವು ಆ ದಿನಗಳಲ್ಲಿ ಎಷ್ಟು ಕೆಲಸ ಮಾಡುತ್ತಿತ್ತು! ದೊಡ್ಡ ಸೇತುವೆ ಕಟ್ಟುವಾಗ ಹಳೆಯ ಚಿಕ್ಕ ದಾಟುವಿಕೆಯನ್ನು ಉಳಿಸಿಕೊಳ್ಳಲು ಸ್ವಲ್ಪ ಹಣ ತೆಗೆದಿಡಬೇಕೆಂದು ಯಾರಾದರೂ ಒತ್ತಾಯಿಸಬೇಕು. ಎಂಜಿನಿಯರು ಅಲ್ಲದ ನಾನು ಇಷ್ಟು ಮಾತ್ರ ಹೇಳಬಲ್ಲೆ.

ಇನ್ನೊಂದು ದಾರಿ ನನಗೆ ತೀರಾ ಸುಲಭವಾಗಿ ಕಂಡಿತ್ತು. ಶೀನಣ್ಣನ ಮಗಳ ಮನೆ ಪೇಟೆಯಲ್ಲೇ ಇತ್ತು, ನಮ್ಮಲ್ಲಿಂದ ಹತ್ತು ನಿಮಿಷ. ಸೇತುವೆ ಸರಿಯಾಗುವವರೆಗೆ ಅಲ್ಲಿ ಇರಲಿ. ಮಗಳೂ ಅಳಿಯನೂ ಕರೆದಿದ್ದರು. ಶೀನಣ್ಣ ಖಡಾಖಂಡಿತವಾಗಿ ಆಗುವುದಿಲ್ಲ ಎಂದರು. ಮಗಳ ಮನೆಯಲ್ಲಿ ಹೋಗಿ ಕೂರುವುದು ನಮ್ಮಲ್ಲಿ ಇಲ್ಲ ಎಂದರು. ಹಟ್ಟಿಯಲ್ಲಿ ದನ ಇದೆ ಎಂದರು. ನಾನು ಇದನ್ನು ಹಳೆಯ ಕಾಲದವರ ಬಿಗುಮಾನ ಎಂದುಕೊಂಡೆ. ಒಂದರ್ಧ ಗಂಟೆ ಬುದ್ಧಿ ಹೇಳಿದೆ. ಪೊಟ್ಯಾಶಿಯಂ ಬಗ್ಗೆ ಹೇಳಿದೆ, ಶುಕ್ರವಾರದ ರಾತ್ರಿಯನ್ನು ನೆನಪಿಸಿದೆ, ಸ್ವಲ್ಪ ಹೆದರಿಸಿಯೂ ನೋಡಿದೆ. ಅವರು ಗೋಡೆ ನೋಡುತ್ತ ಕೂತರು.

ಭಾನುವಾರ ಸೊಸೆಯೇ ಫೋನು ಮಾಡಿದಳು, ಹಟ್ಟಿಯ ಕಡೆಯಿಂದ, ಮೆಲುದನಿಯಲ್ಲಿ. ಅತ್ತೆಗೆ ಎರಡು ವರ್ಷದಿಂದ ಮರೆವು. ಮಗನನ್ನೂ ಕೆಲವೊಮ್ಮೆ ಗುರುತಿಸುವುದಿಲ್ಲ. ಯಾರು ಬಡಿಸಿದರೂ ಉಣ್ಣುವುದಿಲ್ಲ. ಮಾವ ಪಕ್ಕದಲ್ಲಿ ಕೂತು ತಾನೊಂದು ತುತ್ತು ಬಾಯಿಗಿಟ್ಟರೆ ಮಾತ್ರ ಅವರೂ ಒಂದು ತುತ್ತು. ಡಯಾಲಿಸಿಸ್ ದಿನ ಮಧ್ಯಾಹ್ನದ ಊಟ ಮಾವ ಬಂದ ಮೇಲೆಯೇ. ಸುತ್ತಿ ಬರಲು ಶುರುವಾದ ಮೇಲೆ ಅದು ಆರು ಗಂಟೆಯಾಗಿದೆ. "ಅತ್ತೆಯನ್ನೂ ಪೇಟೆಗೆ ಕರೆದುಕೊಂಡು ಹೋದರೆ ಹೊಸ ಮನೆಯಲ್ಲಿ ಇನ್ನೂ ಗಾಬರಿ ಮಾಡಿಕೊಳ್ಳುತ್ತಾರೆ. ಮಾವ ಇದನ್ನು ನಿಮ್ಮ ಹತ್ತಿರ ಹೇಳುವುದಿಲ್ಲ ಮೇಡಂ. ಹೆಂಡತಿಯ ವಿಷಯ ಹೊರಗಿನವರ ಬಾಯಿಗೆ ಬೀಳಬಾರದು ಎಂದು ಅವರಿಗೆ."

ಎರಡು ವರ್ಷದಿಂದ ವಾರಕ್ಕೆ ಮೂರು ದಿನ ನೋಡುತ್ತಿದ್ದ ಮನುಷ್ಯ. ಅವರ ರಕ್ತದ ಒಂದೊಂದು ಅಂಕಿಯೂ ನಮ್ಮ ಫೈಲಿನಲ್ಲಿತ್ತು. ಮನೆಯಲ್ಲಿ ನಿಮ್ಮನ್ನು ಕಾಯುವವರು ಯಾರು ಎಂದು ಯಾರೂ ಕೇಳಿರಲಿಲ್ಲ. ಸೇತುವೆ ಕುಸಿದದ್ದು ಅವರ ಚಿಕಿತ್ಸೆಯ ದಾರಿಯನ್ನು ಮಾತ್ರ ಕೆಡಿಸಿದೆ ಎಂದು ನಾನು ಲೆಕ್ಕ ಹಾಕಿದ್ದೆ. ಅವರಿಗೆ ಅದು ಹೆಂಡತಿಯ ಊಟದ ದಾರಿಯೂ ಆಗಿತ್ತು. ಹೊಸ ರೋಗಿ ಸೇರುವಾಗ ನಾನು ತುಂಬುವ ಹಾಳೆಯಲ್ಲಿ ಈಗ ಒಂದು ಸಾಲು ಹೆಚ್ಚಿದೆ: ನೀವು ಮನೆಯಲ್ಲಿಲ್ಲದಾಗ ಯಾರಿಗೆ ತೊಂದರೆ? ಇದನ್ನು ಒಬ್ಬರೇ ಇದ್ದಾಗ ಕೇಳುತ್ತೇನೆ, ಮನೆಯವರ ಎದುರು ಕೇಳುವುದಿಲ್ಲ.

ದಾಟುವುದೇ ಯಾಕೆ

ಮಂಗಳವಾರ, 22ನೇ ತಾರೀಕು, ಶೀನಣ್ಣ ಒಳಗೆ ಮಲಗಿದ್ದಾಗ ಹೊರಗೆ ಪಕ್ಕದ ಮನೆಯ ರಿಕ್ಷಾದವರ ಹತ್ತಿರ ಮಾತನಾಡುತ್ತಿದ್ದೆ. ಗುರುಪುರದ ಮೇಲೆ ಬಂದರೆ ಎಷ್ಟು, ಜೋಕಟ್ಟೆಯ ಮೇಲೆ ಬಂದರೆ ಎಷ್ಟು ಎಂದು ಕೇಳುತ್ತಿದ್ದೆ. ಅವರು ಉತ್ತರ ಹೇಳುತ್ತ ಹೇಳುತ್ತ ನಿಲ್ಲಿಸಿ, "ಅಲ್ಲ ಮೇಡಂ, ಹೊಳೆ ದಾಟುವುದೇ ಯಾಕೆ? ಈ ಮೆಷಿನು ಸುರತ್ಕಲ್ ಕಡೆ ಎಲ್ಲೂ ಇಲ್ಲವಾ? ಅಲ್ಲಿಗಾದರೆ ಒಳದಾರಿಯಲ್ಲಿ ಸಂಕವೇ ಸಿಗದೆ ಬಿಟ್ಟು ಬರುತ್ತೇನೆ" ಎಂದರು.

ಒಂದು ವಾರ ನಾವೆಲ್ಲ ತಲೆ ಕೆಡಿಸಿಕೊಂಡದ್ದು ಹೊಳೆಯನ್ನು ಎಲ್ಲಿ ದಾಟುವುದು, ಯಾವುದರಲ್ಲಿ ದಾಟುವುದು ಎಂದು. ಪೇಟೆಯಲ್ಲಿ ಕೂತವರಿಗೆ ಊರುಗಳೆಲ್ಲ ಪೇಟೆಯತ್ತ ಮುಖ ಮಾಡಿಕೊಂಡೇ ಕಾಣುತ್ತವೆ. ರಿಕ್ಷಾದವರಿಗೆ ಹಾಗಲ್ಲ. ಅವರ ಲೆಕ್ಕದಲ್ಲಿ ಆಚೆ ದಡವೂ ಒಂದು ಪೂರ್ತಿ ಲೋಕ.

ಆಚೆ ದಡದ ಒಂದು ಆಸ್ಪತ್ರೆಗೆ ಫೋನು ಮಾಡಿದೆ. ಬೆಳಗಿನ ಪಾಳಿಯಲ್ಲಿ ತಾತ್ಕಾಲಿಕವಾಗಿ ಒಂದು ಜಾಗ ಕೊಡಬಹುದು, ಕಾಗದಪತ್ರ ಕಳಿಸಿ ಎಂದರು. ಇಲ್ಲಿಂದ ಮುಂದಿನದು ಬೇಗ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮತ್ತೊಂದು ಘಟಕ ರೋಗಿಯನ್ನು ಯಂತ್ರಕ್ಕೆ ಹಾಕುವ ಮೊದಲು ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಪರೀಕ್ಷೆಗಳ ವರದಿ ನೋಡಲೇಬೇಕು. ಸೋಂಕಿದ್ದರೆ ಯಂತ್ರದ ವ್ಯವಸ್ಥೆಯೇ ಬೇರೆ. ಶೀನಣ್ಣನ ವರದಿ ಹಳೆಯದಾಗಿತ್ತು. ಆ ದಿನಗಳಲ್ಲಿ ಕೋವಿಡ್ ವರದಿಯೂ ಬೇಕು. ಡ್ರೈ ವೇಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧದ ಪ್ರಮಾಣ, ಫಿಸ್ಟುಲಾದ ಯಾವ ಜಾಗಕ್ಕೆ ಸೂಜಿ ಹಾಕುತ್ತೇವೆ ಎಂಬ ವಿವರ, ಯಾವ ಔಷಧಕ್ಕೆ ಮೈ ತುರಿಸುತ್ತದೆ ಎಂಬ ಟಿಪ್ಪಣಿ, ಸರಕಾರಿ ಯೋಜನೆಯ ರೆಫರಲ್ ಪತ್ರ. ಒಂದೊಂದೂ ಒಂದೊಂದು ಮೇಜಿನಲ್ಲಿ. ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನಗಳಲ್ಲಿ ಅವರು ಮತ್ತೆ ಮೂರು ಸಲ ಸುತ್ತಿ ಬಂದರು. ಸೇತುವೆಯನ್ನು ನಾವು ಬೀಳಿಸಿರಲಿಲ್ಲ. ಈ ಮೂರು ಸಲದ ಸುತ್ತಾಟ ಮಾತ್ರ ನಮ್ಮ ಕಪಾಟುಗಳಿಂದಲೇ ಆದದ್ದು.

ಜುಲೈ 1, ಗುರುವಾರ, ಆಚೆ ದಡದ ಘಟಕದಲ್ಲಿ ಮೊದಲ ಸಲ ಮಲಗಿದರು. ಅರ್ಧ ಗಂಟೆಯ ದಾರಿ. ಮೊದಲ ದಿನ ಸೂಜಿ ಸರಿಯಾಗಿ ಕೂರದೆ ಕೈ ಊದಿಕೊಂಡಿತ್ತು. ಹೊಸ ಕೈಗೆ ಹಳೆಯ ಫಿಸ್ಟುಲಾ ಒಗ್ಗಲು ಒಂದೆರಡು ದಿನ ಬೇಕು. ನಮ್ಮ ಹಿರಿಯ ನರ್ಸ್ ಫೋನಿನಲ್ಲಿ ಅವರ ನರ್ಸ್ ಹತ್ತಿರ ಮಾತನಾಡಿ, ಮೊಣಕೈಯಿಂದ ಎಷ್ಟು ಬೆರಳು ಕೆಳಗೆ, ಯಾವ ಓರೆಯಲ್ಲಿ ಎಂದು ವಿವರಿಸಿದರು. ಎರಡನೆಯ ಸಲ ಸರಿಹೋಯಿತು. ಆ ವಾರದ ಕೊನೆಗೆ ಸೊಸೆ ಕಳಿಸಿದ ಸಂದೇಶದಲ್ಲಿ ತೂಕದ ಅಂಕಿಯ ಕೆಳಗೆ ಇನ್ನೊಂದು ಸಾಲಿತ್ತು: ಅತ್ತೆ ಒಂದು ಗಂಟೆಗೆ ಉಂಡರು.

ಸೇತುವೆ ತೆರೆದ ಮೇಲೆ

ಕುಸಿದಿದ್ದ ಭಾಗವನ್ನು ಜಾಕ್ ಕೊಟ್ಟು ಎತ್ತಿ, ಸರಿಪಡಿಸಿ, ಭಾರ ಹಾಕಿ ಪರೀಕ್ಷಿಸಿ ಜುಲೈ ಕೊನೆಯಲ್ಲಿ ಮರವೂರು ಸೇತುವೆಯನ್ನು ಸಂಚಾರಕ್ಕೆ ತೆರೆದರು. ಶೀನಣ್ಣ ಆಗಸ್ಟ್ ಮಧ್ಯದಲ್ಲಿ ನಮ್ಮಲ್ಲಿಗೇ ಹಿಂದಿರುಗಿದರು. ಆಚೆಯದೇ ಹತ್ತಿರವಲ್ಲವೇ ಎಂದು ಕೇಳಿದೆ. ಆ ಜಾಗ ತಾತ್ಕಾಲಿಕವಾಗಿತ್ತು ಎಂಬುದೊಂದು ಕಾರಣ. ನಮ್ಮ ಹಿರಿಯ ನರ್ಸ್ ಹಾಕುವ ಸೂಜಿ ನೋಯುವುದಿಲ್ಲ ಎಂಬುದು ಅವರು ಹೇಳಿದ ಕಾರಣ. ಹಿಂದಿರುಗಿದ ಮೊದಲ ದಿನ ಸಂಕದ ಮೇಲೆ ಬರುವಾಗ ಕಣ್ಣು ಮುಚ್ಚಿಕೊಂಡಿದ್ದರು ಎಂದು ರಿಕ್ಷಾದವರು ಹೇಳಿದರು.

ಘಟಕದಲ್ಲಿ ಎರಡು ಕೆಲಸ ಮಾಡಿದೆವು. ಒಂದು, ಪ್ರತಿ ರೋಗಿಯ ಕೈಯಲ್ಲೂ ಒಂದು ಪ್ಲಾಸ್ಟಿಕ್ ಫೈಲು: ಸೋಂಕು ಪರೀಕ್ಷೆಗಳ ಹೊಸ ವರದಿ, ಡ್ರೈ ವೇಟ್, ಸೂಜಿಯ ಚಿತ್ರ, ಔಷಧ, ರೆಫರಲ್ ಪತ್ರ. ಅದು ನಮ್ಮ ಕಪಾಟಿನಲ್ಲಿರುವುದಲ್ಲ, ಅವರ ಮನೆಯಲ್ಲಿರುವುದು. ಎರಡು, ಹಾಜರಿ ಪುಸ್ತಕದಲ್ಲಿ ಒಂದು ಹೊಸ ಅಂಕಣ: ಯಾವ ಹೊಳೆ, ಯಾವ ಸೇತುವೆ, ಮತ್ತು ಅದು ಮುಚ್ಚಿದರೆ ಅದೇ ದಡದಲ್ಲಿ ಎಲ್ಲಿ ಯಂತ್ರ. ಉಳ್ಳಾಲ, ತೊಕ್ಕೊಟ್ಟು, ತಲಪಾಡಿಯಿಂದ ನೇತ್ರಾವತಿ ದಾಟಿ ಬರುವವರನ್ನು ನಾವು ಯಾವತ್ತೂ ಹೊಳೆ ದಾಟಿ ಬರುವವರು ಎಂದು ಎಣಿಸಿರಲೇ ಇಲ್ಲ. ಬರೆಯಲು ಕೂತಾಗ ಆ ಅಂಕಣ ಎಣಿಸಿದ್ದಕ್ಕಿಂತ ಬೇಗ ತುಂಬಿತು. ಸಿಬ್ಬಂದಿಯ ಹೆಸರುಗಳನ್ನೂ ಅದರಲ್ಲೇ ಸೇರಿಸಿದೆವು. ಯಾವ ಸೇತುವೆ ಮುಚ್ಚಿದರೆ ಯಾರ ಪಾಳಿ ಯಾರು ನೋಡಬೇಕು ಎಂಬುದೂ ಅಲ್ಲೇ ಇದೆ; ನನ್ನ ತಲೆಯಲ್ಲಿ ಮಾತ್ರ ಇದ್ದದ್ದು ಈಗ ಕಾಗದದ ಮೇಲಿದೆ.

ಮುಂದಿನ ವರ್ಷ ಮೇ ಕೊನೆಯ ವಾರ, ಮಳೆ ಇನ್ನೂ ಹಿಡಿದಿರಲಿಲ್ಲ. ಶೀನಣ್ಣ ಒಳಗೆ ಮಲಗಿದ್ದರು. ಸೊಸೆ ಫೈಲು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಅದರ ಅಂಚಿಗೆ ರಬ್ಬರ್ ಬ್ಯಾಂಡ್ ಹಾಕಿತ್ತು, ಮೇಲೆ ಮಗನ ಕೈಬರಹದಲ್ಲಿ ರಿಕ್ಷಾದವರ ನಂಬರು. "ರಕ್ತದ ವರದಿ ಹಳೆಯದಾಯಿತು ಮೇಡಂ. ಜೂನಿಗೆ ಮೊದಲು ಒಮ್ಮೆ ಹೊಸತು ಮಾಡಿಸಿ ಇಟ್ಟುಕೊಳ್ಳುತ್ತೇವೆ" ಎಂದಳು. ಚೀಟಿ ಬರೆದುಕೊಟ್ಟೆ. ಅವಳು ಅಲ್ಲೇ ನಿಂತು ಹೆಸರು, ತಾರೀಕು ಓದಿ ನೋಡಿ, ಮಡಚಿ ಫೈಲಿನೊಳಗಿಟ್ಟುಕೊಂಡಳು.